ಹೆಚ್ಚಾದ ಗುಳಿಗೆ, ಹೆಚ್ಚಾದ ಬಳೆ

ವಾಡಿ ಜಂಕ್ಷನ್ನಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಿಮೆಂಟ್ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿದವರು ಹುಬ್ಬಿನ ಮೇಲೆ ಬೂದಿ ಬಣ್ಣ ಹೊತ್ತು ಬರುತ್ತಿದ್ದಾರೆ, ಬೆಳಗಿನ ಪಾಳಿಯವರು ತಲೆ ಬಾಚಿಕೊಂಡು ಹೋಗುತ್ತಿದ್ದಾರೆ. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕುಳಿತ ಶಗುಫ್ತಾ ಅವರಿಗೆ ಇದ್ಯಾವುದರ ಕಡೆಗೂ ಗಮನವಿಲ್ಲ. ತೊಡೆಯ ಮೇಲೆ ತಗಡಿನ ಪೆಟ್ಟಿಗೆ ತೆರೆದುಕೊಂಡು ಒಂದೊಂದೇ ಗಾಜಿನ ಬಳೆ ಎತ್ತಿ, ಉಗುರಿನಿಂದ ಬಡಿದು, ಕಿವಿಗೆ ಹಿಡಿದು ನೋಡುತ್ತಿದ್ದಾರೆ. ಟಿಣ್ ಅಂದದ್ದು ಪೆಟ್ಟಿಗೆಗೆ, ಮಂಕಾಗಿ ಸದ್ದು ಮಾಡಿದ್ದು ಸೆರಗಿನ ಗಂಟಿಗೆ.

“ಬಿರುಕು ಕಣ್ಣಿಗಿ ಕಾಣಂಗಿಲ್ರಿ, ಕಿವಿಗಿ ಗೊತ್ತಾಗ್ತದ” ಎನ್ನುತ್ತಾರೆ. ಆಮೇಲೆ ರೈಲು ಬರುವ ದಿಕ್ಕಿಗೆ ನೋಡುತ್ತ, ಯಾರಿಗೋ ಹೇಳುವಂತೆ, “ಇವತ್ತ ಕೈ ಚಾಚ್ತಾರೋ ಇಲ್ಲೋ” ಅಂದುಕೊಳ್ಳುತ್ತಾರೆ.

ಶಗುಫ್ತಾ ಹೊರಟಿರುವುದು ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಡೆಯ ಒಂದು ಸಣ್ಣ ಹಳ್ಳಿಗೆ. ಅವರ ತಾಯಿ, ತಾಯಿಯ ತಾಯಿ ಎಲ್ಲರೂ ಬಳೆ ತೊಡಿಸಿದ ಹಳ್ಳಿ ಅದು. ಬೇಸಿಗೆಯಿಂದ ಈಚೆಗೆ ಅಲ್ಲಿಂದ ಒಬ್ಬರೂ ಅವರನ್ನು ಕರೆದಿಲ್ಲ. ಕಾರಣ, ಅಲ್ಲಿ ಎಲ್ಲರ ಮುಂದೆ ಅವರ ಬಾಯಿಂದ ಬಂದ ಒಂದು ಮಾತು. ಆ ಮಾತಿನ ಹಿಂದೆ ಒಂದು ಜಾಗತಿಕ ವರದಿ ಇದೆ, ದೂರದೇಶದ ತಜ್ಞರಿದ್ದಾರೆ, ದಿಲ್ಲಿಯ ದುಭಾಷಿ ಇದ್ದಾನೆ, ಸೇಡಂನ ನಿವೃತ್ತ ಉಪನ್ಯಾಸಕರಿದ್ದಾರೆ. ಇಷ್ಟು ಜನ ಸೇರಿ ಮಾಡಿದ ಗೊಂದಲವನ್ನು ಪತ್ರಿಕೆಗೆ ಬರೆಯುವ ನಾನೊಬ್ಬ ಬಿಡಿಸಿ ಹೇಳುತ್ತೇನೆಂದು ಅವರ ಜೊತೆ ಹೊರಟಿದ್ದೇನೆ. ಎಷ್ಟರ ಮಟ್ಟಿಗೆ ಆಗುತ್ತದೋ ನೋಡೋಣ.

ಚಿತ್ತಾಪುರ ದಾಟಿ ಸೇಡಂ ಕಡೆಗೆ ಹೋಗುವ ಪ್ಯಾಸೆಂಜರ್‌ನಲ್ಲಿ ನಮಗೆ ಜಾಗ ಸಿಗುತ್ತದೆ. ಕಿಟಕಿಯಾಚೆ ಹಾಸುಗಲ್ಲಿನ ಗಣಿಗಳು, ನಡುನಡುವೆ ತೊಗರಿ ಹೊಲಗಳು. ಶಗುಫ್ತಾ ಪೆಟ್ಟಿಗೆಯನ್ನು ಕೆಳಗಿಡುವುದಿಲ್ಲ. ಮನೆಯಲ್ಲಿ ಮಾತಾಡುವುದು ದಖನಿ ಉರ್ದು, ವ್ಯಾಪಾರ ಕನ್ನಡದಲ್ಲಿ, ಕುಂಚಾವರಂ ದಾಟಿದರೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಯಾವುದನ್ನೂ ಶಾಲೆಯಲ್ಲಿ ಕಲಿತದ್ದಲ್ಲ. “ಬಳಿ ಏರಸಬೇಕಂದ್ರ ಕೈ ಹಿಚಕಬೇಕ್ರಿ. ಹಿಚಕಿದ್ರ ನೋಯ್ತದ. ನೋವು ಮರೀಲಿ ಅಂತ ಮಾತಾಡಬೇಕು. ಅಕಿ ಯಾವ ಮಾತಿನ್ಯಾಗ ಮರೀತಾಳ ಆ ಮಾತು ಕಲೀಬೇಕು, ಅಷ್ಟೇ.”

ಇನ್ನೊಂದು ಕಟ್ಟುಪಾಡು ತಾಯಿ ಸೈದಾನಬಿ ಕಲಿಸಿದ್ದು. ಅತ್ತೆ-ಸೊಸೆ ಮುಖ ನೋಡದಿದ್ದರೂ ಬಳೆಗಾರ್ತಿ ಇಬ್ಬರ ಕೈಯನ್ನೂ ಹಿಡಿಯಬೇಕು, ಈ ಮನೆಯ ಮಾತನ್ನು ಆ ಮನೆಗೆ ಒಯ್ಯಬಾರದು. ಜಗಳ ನಡೆದಿರುವ ಊರಿನಲ್ಲಿ ಯಾರ ಮನೆಯ ಚಹಾವನ್ನೂ ಕುಡಿಯದೆ, ಕಟ್ಟೆಯ ಮೇಲೆ ಕುಳಿತು ತಾವು ತಂದ ನೀರನ್ನೇ ಕುಡಿದು ಬರಬೇಕು.

ಮತ್ತೊಂದು ಎಲ್ಲಕ್ಕಿಂತ ದೊಡ್ಡದು. ಬಳೆಗಾರ್ತಿ ಎಂದೂ ‘ಒಡೆಯಿತು’ ಅನ್ನಬಾರದು. ಬಳೆ ‘ಹೆಚ್ಚಾಯಿತು’ ಅನ್ನಬೇಕು. ಈ ಭಾಗದ ಓದುಗರಿಗೆ ನಾನು ಇದನ್ನು ಹೇಳಬೇಕಿಲ್ಲ. ಡಬ್ಬಿಯಲ್ಲಿ ಹಿಟ್ಟು ಮುಗಿದರೂ ‘ಹಿಟ್ಟು ಹೆಚ್ಚಾಗ್ಯಾದ’ ಎನ್ನುತ್ತಾರೆ, ದೀಪ ಆರಿಸುವುದಕ್ಕೆ ‘ದೊಡ್ಡದು ಮಾಡು’ ಎನ್ನುತ್ತಾರೆ. ದಖನಿಯಲ್ಲೂ ಹಾಗೆಯೇ, ಅಂಗಡಿ ಮುಚ್ಚಿದರೆ ‘ಬಢಾ ದಿಯೇ’, ಹೆಚ್ಚಿಸಿದರು. ಕೆಟ್ಟದ್ದನ್ನು ಬಾಯಲ್ಲಿ ಹೇಳಿದರೆ ಅದು ಬಾಗಿಲಲ್ಲಿ ಬಂದು ನಿಲ್ಲುತ್ತದೆಂಬ ಭಯ. ಹೋಗುವಾಗಲೂ ‘ಬರ್ತೀನಿ’ ಅನ್ನುವ ಜನ ನಾವು.

ಈಗ ಆ ದೂರದೇಶದ ತಜ್ಞರ ತಂಡದ ವಿಷಯ. ಕರೋನಾ ಕಾಲದಲ್ಲಿ ಲೋಕದ ಎಲ್ಲೆಲ್ಲಿಂದಲೋ ಔಷಧ, ದುಡ್ಡು, ಯಂತ್ರ, ಸಲಹೆ ಹರಿದವು. ಎಲ್ಲಿಂದ ಹೊರಟಿತು, ಎಲ್ಲಿಗೆ ಮುಟ್ಟಿತು, ದಾರಿಯಲ್ಲಿ ಏನಾಯಿತು ಎಂದು ಆಮೇಲೆ ಯಾರಾದರೂ ನೋಡಬೇಕಲ್ಲ? ಕೊಟ್ಟವರೇ ನೋಡಿದರೆ ಚೆನ್ನಾಗಿ ಕೊಟ್ಟೆವು ಎನ್ನುತ್ತಾರೆ, ಹಂಚಿದವರೇ ನೋಡಿದರೆ ಚೆನ್ನಾಗಿ ಹಂಚಿದೆವು ಎನ್ನುತ್ತಾರೆ. ಹಾಗಾಗಿ ಇಬ್ಬರಿಗೂ ಸೇರದ ಒಂದು ಸ್ವತಂತ್ರ ತಂಡ ದೇಶದೇಶ ತಿರುಗಿ, ಬೇರೆ ಬೇರೆ ಮೂಲೆಯ ಕೆಲವು ಊರುಗಳನ್ನು ಆರಿಸಿಕೊಂಡು ನೋಡಿತು. ಆ ಊರುಗಳಲ್ಲಿ ಇದೂ ಒಂದು. ಇಷ್ಟು ತಿಳಿಯಲು ನಾನು ಮೂರು ಕಡೆ ಫೋನ್ ಮಾಡಿದೆ. ಮೊದಲನೆಯವರು ಎರಡನೆಯವರನ್ನು ಕೇಳಿ ಅಂದರು, ಎರಡನೆಯವರು ಮೂರನೆಯವರನ್ನು. ಮೂರನೆಯವರು ‘ನೀವು ಯಾರ ಕಡೆಯವರು?’ ಎಂದು ನನ್ನನ್ನೇ ಕೇಳಿದರು.

ಊರಿನ ಜನ ಕೇಳಿದ್ದೂ ಇದೇ ಪ್ರಶ್ನೆ. ಯಾರ ಕಡೆಯೂ ಅಲ್ಲ ಎಂದರೆ ನಂಬುವವರು ಯಾರು? ಏನನ್ನೂ ಕೊಡುವುದಿಲ್ಲ, ಯಾರನ್ನೂ ಶಿಕ್ಷಿಸುವುದಿಲ್ಲ, ಬರೀ ಕೇಳುತ್ತೇವೆ ಅಂದಾಗ ಅನುಮಾನ ಇನ್ನೂ ಹೆಚ್ಚಾಯಿತು. ಅದೃಷ್ಟಕ್ಕೆ ಅಂದು ಶಗುಫ್ತಾ ಬಳೆ ಪೆಟ್ಟಿಗೆಯೊಡನೆ ಜನ ಸೇರಿದ್ದ ಕಟ್ಟೆಯ ಮೇಲೇ ಇದ್ದರು. “ನಾ ಹೇಳ್ದೆ, ನನ್ನಂಗ ಅಂತ ತಿಳೀರಿ. ಎಲ್ಲಾರ ಕೈ ಹಿಡೀತಾರ, ಯಾರ ಚಾ ಕುಡ್ಯಂಗಿಲ್ಲ. ಆವಾಗ ಮಂದಿಗಿ ತಿಳೀತು.” ತಂಡಕ್ಕೂ ತಿಳಿಯಿತು. ಮರುದಿನದಿಂದ ಶಗುಫ್ತಾ ಅವರೇ ದುಭಾಷಿಯಾದರು.

ತಂಡದ ಮುಖ್ಯಸ್ಥೆ ನರೆತ ಕೂದಲಿನ ಒಬ್ಬ ಹೆಂಗಸು. ಯಾವ ದೇಶವೆಂದು ಶಗುಫ್ತಾಗೆ ನೆನಪಿಲ್ಲ. “ನಮ್ಮ ಅಮ್ಮೀ ವಯಸ್ಸಿನಕಿ, ಮೇಡಂ ಅಂತಿದ್ವಿ” ಎನ್ನುತ್ತಾರೆ. ಔಷಧ ಹಂಚಿದ್ದ, ಪರೀಕ್ಷೆಗೆ ಒಳಗಾಗಬೇಕಾದ ಕಚೇರಿಯವರೇ ಕಳಿಸಿದ ಕಾರನ್ನು ಮೇಡಂ ಹತ್ತಲಿಲ್ಲ. ಕೆಂಪು ಬಸ್ಸಿನಲ್ಲೇ ಬಂದರು, ಕಾಡಿನ ತಿರುವುಗಳಲ್ಲಿ ಎರಡು ಸಲ ವಾಂತಿ ಮಾಡಿಕೊಂಡರು. ಅದು ಊರಿಗೆ ಹಿಡಿಸಿತು.

ಮೇಡಂಗೆ ಇಂಗ್ಲಿಷ್, ಅವರ ಜೊತೆ ಬಂದ ದುಭಾಷಿ ದಿಲ್ಲಿಯ ಹುಡುಗನಿಗೆ ಹಿಂದಿ ಮತ್ತು ಇಂಗ್ಲಿಷ್, ಶಗುಫ್ತಾಗೆ ದಖನಿ ಮತ್ತು ಕನ್ನಡ. ಹೀಗೆ ಮಾತು ಕೈಯಿಂದ ಕೈಗೆ ದಾಟಿ ಹೋಗಬೇಕು. ಹಳ್ಳಿಯಲ್ಲಿ ಮಾತಾಡಿದವರಲ್ಲಿ ಜಗದೇವಿ ಒಬ್ಬರು. ಅವರ ಗಂಡ ಅಮೃತಪ್ಪ ಎರಡನೇ ಅಲೆಯಲ್ಲಿ ಜ್ವರದಿಂದ ಮಲಗಿದವರು ಏಳಲಿಲ್ಲ. ಗುಳಿಗೆಯ ಪೆಟ್ಟಿಗೆ ಊರಿಗೆ ಬಂದದ್ದು ನಿಜ. ಇವರ ಮನೆಯ ಸರದಿ ಬರುವಷ್ಟರಲ್ಲಿ ಅದರಲ್ಲಿ ಒಂದೂ ಇರಲಿಲ್ಲ. ಜಗದೇವಿ ಇಷ್ಟನ್ನೆಲ್ಲ ಬಿಡಿಸಿ ಹೇಳಲಿಲ್ಲ. ತೊಗರಿಯ ಬಗ್ಗೆ, ಮೈದುನನ ಬಗ್ಗೆ, ಚಂದ್ರಂಪಳ್ಳಿ ಕೆರೆಯ ನೀರಿನ ಬಗ್ಗೆ ಬೇಕಾದಷ್ಟು ಹೇಳಿ, ಕೊನೆಗೆ ಒಂದೇ ಉಸಿರಿಗೆ ಮುಗಿಸಿದರು. “ನಮ್ಮನಿ ಮುಂದ ಬರೂದರಾಗ ಗುಳಿಗಿ ಹೆಚ್ಚಾದ್ವು. ಆಮ್ಯಾಲ ನನ್ನ ಬಳಿ ಹೆಚ್ಚಾದ್ವು.”

ಕೇಳಿದ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದರು. ಶಗುಫ್ತಾ ಅದನ್ನೇ ತಮ್ಮ ದಖನಿಯಲ್ಲಿ ಹೇಳಿದರು, “ಗೋಲಿಯಾಂ ಬಢ್ ಗಯೀಂ, ಫಿರ್ ಚೂಡಿಯಾಂ ಬಢ್ ಗಯೀಂ.” ಅವರ ಮನೆಯಲ್ಲಿ ಯಾರಿಗೆ ಹೇಳಿದ್ದರೂ ಕಣ್ಣಲ್ಲಿ ನೀರು ಬರುತ್ತಿತ್ತು. ದಿಲ್ಲಿಯ ಹುಡುಗ ಫ್ಲಾಟಿನಲ್ಲಿ ಬೆಳೆದವನು, ಹೆಚ್ಚಾದವು ಎಂದರೆ ಹೆಚ್ಚಾದವು ಎಂದೇ ತಿಳಿದ. ಹಾಗೆಯೇ ಇಂಗ್ಲಿಷಿಗೆ ದಾಟಿಸಿದ. ಮೇಡಂ ತಲೆಯಾಡಿಸಿ ಬರೆದುಕೊಂಡರು.

ಅಲ್ಲಿಗೇ ಮುಗಿದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ತಂಡಕ್ಕೆ ಒಂದು ನಿಯಮವಿತ್ತು. ಬರೆದದ್ದನ್ನು ಮುಗಿಸುವ ಮೊದಲು, ಹೇಳಿದ ಜನರ ಮುಂದೆ ಅವರ ಮಾತಿನಲ್ಲೇ ಓದಬೇಕು. ಒಳ್ಳೆಯ ನಿಯಮ. ಕನ್ನಡಕ್ಕೆ ತರುವ ಕೆಲಸ ಸೇಡಂನ ರಘೂತ್ತಮ ಅವರಿಗೆ ಬಂತು. ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಮಠದ ಕೆಲಸಕ್ಕೆ ಬಿಡುವು ಮಾಡಿಕೊಂಡು ಇದಕ್ಕೆ ಕುಳಿತರು. ಮೂಲ ಮಾತನ್ನು ಅವರು ಕೇಳಿರಲಿಲ್ಲ. ಕಾಗದದಲ್ಲಿ ಇದ್ದದ್ದನ್ನು ಶ್ರದ್ಧೆಯಿಂದ ಕನ್ನಡಿಸಿ, ಬೇಸಿಗೆಯ ಒಂದು ಮಧ್ಯಾಹ್ನ ಶಾಲೆಯ ಪಡಸಾಲೆಯಲ್ಲಿ ನಿಂತು ಓದಿದರು. “ಈ ಗ್ರಾಮದಲ್ಲಿ ಗುಳಿಗೆಗಳು ಹೆಚ್ಚಾಗಿದ್ದವು.”

ಊರಿಗೆ ಊರೇ ತಲೆಯಾಡಿಸಿತು. ಹೌದು, ಹೆಚ್ಚಾಗಿದ್ದವು. ನಾವು ಹೇಳಿದ್ದನ್ನೇ ಬರೆದಿದ್ದಾರೆ. ‘ಖರೇ ಮಂದಿ ಬಿಡ್ರಿ’ ಎಂದು ಯಾರೋ ಅಂದರಂತೆ. ಮೇಡಂ ಮುಖದಲ್ಲಿ ಸಮಾಧಾನ. ಸಹಾಯ ಬೇಕಾದ್ದಕ್ಕಿಂತ ಹೆಚ್ಚು ಮುಟ್ಟಿದ ಊರೊಂದು ಸಿಕ್ಕಿತು, ಅದೂ ಊರವರ ಒಪ್ಪಿಗೆಯೊಂದಿಗೆ! ಬರೆದದ್ದು ತಪ್ಪು, ಓದಿದ್ದು ತಪ್ಪಲ್ಲ, ಕೇಳಿದವರಿಗೆ ಅರ್ಥವಾದದ್ದು ಸರಿ. ಇದನ್ನು ನಾನು ಎಷ್ಟು ಸಲ ಕೂಡಿಸಿ ಕಳೆದರೂ ತಲೆ ತಿರುಗುತ್ತದೆ.

ರಘೂತ್ತಮ ಮುಂದಿನ ಸಾಲಿಗೆ ಬಂದರು. “ಮಹಿಳೆಯರ ಬಳೆಗಳೂ ಹೆಚ್ಚಾಗಿವೆ. ಇದು ನೆರವಿನಿಂದ ಕುಟುಂಬಗಳ ಆದಾಯ ಸುಧಾರಿಸಿದ್ದರ ಸೂಚನೆ.”

ಜಗದೇವಿ ಎದ್ದು ನಿಂತು, ಖಾಲಿ ಮುಂಗೈಗಳನ್ನು ಸೆರಗಿನಿಂದ ಹೊರಗೆ ತೆಗೆದು ಕೇಳಿದರು, “ಆದಾಯ ಅಂದ್ರೇನ್ರಿ ಸರ?”

“ಆವಾಗೇ ನನಗ ತಿಳೀತ್ರಿ” ಎಂದು ರಘೂತ್ತಮ ಈಗಲೂ ಹೇಳುತ್ತಾರೆ. ಸೇಡಂ ನಿಲ್ದಾಣದ ಹೊರಗೆ ನಮಗಾಗಿ ಕಾದು ನಿಂತಿದ್ದ ಅವರು ಬಸ್ಸಿನ ತನಕ ನಡೆದುಕೊಂಡೇ ಮಾತಾಡುತ್ತಾರೆ. “ನಮ್ಮ ಅವ್ವನೂ ಬಳಿ ಹೆಚ್ಚಾತು ಅಂತಿದ್ಲು, ನಾನೂ ಅಂತೀನಿ. ಆದ್ರ ಕಾಗದದಾಗ ಓದೋವಾಗ ಅದು ನಮ್ಮ ಮಾತು ಅಂತ ಅನಿಸಲೇ ಇಲ್ಲ ನೋಡ್ರಿ. ಆ ದಿಲ್ಲಿ ಹುಡುಗ ತಪ್ಪು ಮಾಡಿಲ್ಲ, ಈ ಶಗುಫ್ತಾ ಮಾಡಿಲ್ಲ, ನಾ ಮಾಡಿಲ್ಲ. ಮತ್ತ ತಪ್ಪು ಎಲ್ಲಿಂದ ಬಂತು?” ನನ್ನನ್ನು ಕೇಳಿದರೆ? ನಾನೂ ಅದನ್ನೇ ಹುಡುಕುತ್ತಿದ್ದೇನೆ.

ಅಂದು ಮೇಡಂ ಕೇಳಿದ್ದು ಒಂದೇ. ಹಾಗಾದರೆ ಜಗದೇವಿ ಹೇಳಿದ್ದೇನು? ಊರವರ ಮುಂದೆ, ಊರವರ ಮಾತಿನಲ್ಲಿ, ಬೇರೆ ಅರ್ಥಕ್ಕೆ ಎಡೆಯಿಲ್ಲದ ಹಾಗೆ ಹೇಳಿ, ಆಮೇಲೆ ತರ್ಜುಮೆ ಮಾಡಿ ಎಂದರು. ಎಲ್ಲರೂ ಶಗುಫ್ತಾ ಕಡೆಗೆ ನೋಡಿದರು. ತೊಡೆಯ ಮೇಲೆ ಬಳೆ ಪೆಟ್ಟಿಗೆ ಹಾಗೇ ಇತ್ತು.

“ಅಮ್ಮೀ ಕಲಿಸಿದ್ದು ಒಂದು, ಇವರು ಕೇಳಾಕತ್ತಿದ್ದು ಒಂದು. ಸುಮ್ನಿದ್ರ ಗುಳಿಗಿ ಭಾಳ ಇದ್ವು ಅಂತ ದುನಿಯಾಕ್ಕೆಲ್ಲ ಹೋಗ್ತದ. ಮುಂದಿನ ಸಲ ಬ್ಯಾನಿ ಬಂದ್ರ ಈ ಊರಿಗಿ ಅಷ್ಟೂ ಕಳಸಂಗಿಲ್ಲ. ಅಂದುಬಿಟ್ಟೆ.”

ಅವರು ಅಂದದ್ದು ಮೂರೇ ಮಾತು. ಗುಳಿಗಿ ಮುಗದಿದ್ವು. ಅಮೃತಪ್ಪ ಸತ್ತ. ಇಕಿ ಬಳಿ ಒಡದ್ರು.

ಸತ್ತ, ಒಡದ್ರು. ಮದುವೆಗೆ, ಸೀಮಂತಕ್ಕೆ ಬಳೆ ತರುವ ಹೆಂಗಸಿನ ಬಾಯಲ್ಲಿ. ಒಬ್ಬ ಮುದುಕಿ ಬಸುರಿ ಮೊಮ್ಮಗಳ ಕಿವಿ ಮುಚ್ಚಿದಳು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಜಗದೇವಿ ಎಲ್ಲರಿಗಿಂತ ಮೊದಲೇ ಹೋಗಿಬಿಟ್ಟರು. ಬೇಸಿಗೆ ಕಳೆದು ಮಳೆಗಾಲ ಬಂದು ಹೋಯಿತು, ಎರಡು ಮದುವೆಗಳಾದವು, ಬಳೆಗೆ ಬೇರೆಯವರನ್ನು ಕರೆಸಿದರು. ವಾಡಿಯ ಮನೆಯಲ್ಲಿ ಸೈದಾನಬಿ ಮಗಳನ್ನು ಬೈಯಲಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಿದರಂತೆ, “ಕೊಟ್ಟೋರ್ನ ನೋಡಾಕ ಅವರು ಬಂದ್ರು. ಅವರನ್ನ ನೋಡಾಕ ಯಾರು ಬರ್ತಾರ?”

ವರದಿ ಏನಾಯಿತು? ತಿದ್ದಿದರು, ಅರ್ಧ. ಗುಳಿಗೆಗಳು ‘ಮುಗಿದಿದ್ದವು’ ಎಂದಾಯಿತು. ಬಳೆಯ ಸಾಲನ್ನು ಪೂರ್ತಿ ತೆಗೆದುಹಾಕಿದರು, ಅದು ಪರಾಮರ್ಶೆಯ ವ್ಯಾಪ್ತಿಗೆ ಬರುವುದಿಲ್ಲವಂತೆ. ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಅವರ ಪುಸ್ತಕದಲ್ಲಿ ಆ ಸಾಲು ಎಲ್ಲಿ ಕೂರಬೇಕಿತ್ತೆಂದು ನನಗೂ ಹೊಳೆಯಲಿಲ್ಲ.

ಚಿಂಚೋಳಿ ದಾಟಿದ ಮೇಲೆ ಕಾಡು ಶುರುವಾಗುತ್ತದೆ. ಕುಂಚಾವರಂನಲ್ಲಿ ಇಳಿದು, ಆಟೋ ಹಿಡಿದು, ಅದು ನಿಂತಲ್ಲಿಂದ ನಡೆದು ಊರು ಸೇರುವಾಗ ಬಿಸಿಲು ಏರಿದೆ. ಶಗುಫ್ತಾ ಕಟ್ಟೆಯ ಮೇಲೆ ಕುಳಿತು, “ಬಳೀ ಬಳೀಯ” ಎಂದು ಕೂಗುತ್ತಾರೆ. ನಾಯಿ ತಲೆಯೆತ್ತಿ ಮಲಗುತ್ತದೆ. ಇನ್ನೊಂದು ಸಲ ಕೂಗುತ್ತಾರೆ. ಎದುರಿನ ಮನೆಯ ಬಾಗಿಲಲ್ಲಿ ಒಂದು ಮುಖ ಕಾಣಿಸಿ ಒಳಗೆ ಹೋಗುತ್ತದೆ. ಮೂರನೇ ಸಲ ಕೂಗುವುದಿಲ್ಲ, ಬಾಟಲಿಯ ನೀರು ಕುಡಿದು ಪೆಟ್ಟಿಗೆಯ ಚಿಲಕ ಹಾಕುತ್ತಾರೆ.

ಆಗ ಓಣಿಯ ಕೊನೆಯಿಂದ ಒಬ್ಬ ಹೆಂಗಸು ಬರುತ್ತಾರೆ. ಬರಿಗೈ ನೋಡಿಯೇ ಜಗದೇವಿ ಎಂದು ನನಗೆ ತಿಳಿಯುತ್ತದೆ. ಹಿಂದೆ ಅರಿಶಿನದ ಕಾಲಿನ ಎಳೆಯ ಹುಡುಗಿ.

“ಯಾಕ ಮುಚ್ಚಿದಿ? ತಗೀ” ಎನ್ನುತ್ತಾರೆ. “ಸೊಸಿ ಬಂದಾಳ. ಹಸರ ಬಳಿ ಹಾಕು, ಕೈತುಂಬ.”

ಶಗುಫ್ತಾ ಹುಡುಗಿಯ ಕೈ ಹಿಡಿದವರು ಬಿಟ್ಟುಬಿಡುತ್ತಾರೆ. “ಅಕ್ಕಾ, ನನ್ನ ಕೈಲಿಂದ? ಅವತ್ತು ನಾ ಅಂದಿದ್ದು…”

“ಅಂದಿ. ಅದಕ್ಕೇ ನಿನ್ನ ಕೈಲಿಂದನೇ.” ಜಗದೇವಿ ಕಟ್ಟೆಯ ಮೇಲೆ ಕೂರುತ್ತಾರೆ. ನನ್ನ ಕಡೆಗೆ ತಿರುಗಿ, ನಾನು ಕೇಳದಿದ್ದರೂ ಹೇಳುತ್ತಾರೆ. “ಎಲ್ಲಾರೂ ಹೆಚ್ಚಾತು ಹೆಚ್ಚಾತು ಅಂತಿದ್ರು, ನಾನೂ ಅಂತಿದ್ದೆ. ಸತ್ತ ಅಂತ ಯಾರೂ ಅಂದಿದ್ದಿಲ್ರಿ. ಇಕಿ ಅಂದ ದಿನ ಮನಿಗಿ ಹೋಗಿ ಬಾಗಲಾ ಹಾಕ್ಕೊಂಡು ಅತ್ತೆ. ಅಲ್ಲೀತನಕ ಒಂದು ಹನಿ ಬಂದಿದ್ದಿಲ್ಲ.” ಹುಡುಗಿಯ ಕೈ ಹಿಡಿದು ಶಗುಫ್ತಾ ಕೈಗೆ ಇಡುತ್ತಾರೆ. “ನಿಂಗ ಹೇಳಿ ಕಳಸಬೇಕು ಅಂತಿದ್ದೆ. ಮುಖಾ ತೋರಸಾಕ ನನಗೇ ಆಗ್ಲಿಲ್ಲ.”

ಶಗುಫ್ತಾ ತಲೆ ಬಗ್ಗಿಸಿ ಬಳೆ ಏರಿಸತೊಡಗುತ್ತಾರೆ. ಕಣ್ಣು ಒರೆಸಿಕೊಳ್ಳಲು ಕೈ ಖಾಲಿಯಿಲ್ಲ. ಹುಡುಗಿ ‘ಅಬ್ಬಾ ನೋವು’ ಎಂದಾಗ ತೆಲುಗಿನಲ್ಲಿ ಏನೋ ಹೇಳುತ್ತಾರೆ, ಹುಡುಗಿ ನಗುತ್ತಾಳೆ. ಆ ನಗುವಿಗೆ ಎದುರಿನ ಮನೆಯ ಬಾಗಿಲು ಮತ್ತೆ ತೆರೆಯುತ್ತದೆ. ಅಂದು ಮೊಮ್ಮಗಳ ಕಿವಿ ಮುಚ್ಚಿದ್ದ ಮುದುಕಿ ಇವಳೇ ಅಂತೆ, ಆ ಮೊಮ್ಮಗಳ ಕೂಸನ್ನು ಸೊಂಟದ ಮೇಲೆ ಹೊತ್ತು ಬಂದು, ಕೂಸಿಗೂ ಎರಡು ಕರಿಬಳೆ ಬೇಕೆನ್ನುತ್ತಾಳೆ. ಆಮೇಲೆ ಕಟ್ಟೆಯ ಸುತ್ತ ಕೂರಲು ಜಾಗವಿಲ್ಲ, ನಾನು ಎದ್ದು ಬೇವಿನ ಮರದ ಕೆಳಗೆ ಹೋಗಿ ನಿಲ್ಲುತ್ತೇನೆ.

ಹೊರಡುವಾಗ ಜಗದೇವಿ ಕೇಳುತ್ತಾರೆ, “ಅವರ ಬುಕ್ಕಿನ್ಯಾಗ ನನ್ನ ಬಳಿ ಮಾತು ಅದನಾ?”

ಶಗುಫ್ತಾ ಪೆಟ್ಟಿಗೆ ಎತ್ತಿಕೊಳ್ಳುತ್ತ, “ಅದು ಹೆಚ್ಚಾತಕ್ಕಾ” ಎನ್ನುತ್ತಾರೆ.

ಜಗದೇವಿ ಮೊದಲು ನಗುತ್ತಾರೆ. ಆಮೇಲೆ ಇಬ್ಬರೂ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ನಗುವೋ ಅಳುವೋ ಬೇವಿನ ಮರದ ಕೆಳಗಿನಿಂದ ನನಗೆ ಗೊತ್ತಾಗುವುದಿಲ್ಲ.

ಬಸ್ಸಿನಲ್ಲಿ ಪೆಟ್ಟಿಗೆ ಹಗುರವಾಗಿದೆ, ಆದರೂ ಶಗುಫ್ತಾ ಕೆಳಗಿಟ್ಟಿಲ್ಲ. ಏನು ಆಸೆ ಎಂದು ಕೇಳುತ್ತೇನೆ. ಲೇಖನದ ಕೊನೆಗೆ ಇಂಥದ್ದೊಂದನ್ನು ಕೇಳುವುದು ನಮ್ಮ ವಾಡಿಕೆ. “ಏನು ಬರದೀರಿ ಒಮ್ಮೆ ಓದಿ ಹೇಳ್ರಿ, ಅಷ್ಟೇ. ಮೇಡಂ ಓದಿದ್ರಲ್ಲ, ನೀವೂ ಓದ್ರಿ” ಎನ್ನುತ್ತಾರೆ. ಸೈದಾನಬಿಯ ಪ್ರಶ್ನೆ ನನಗೆ ನೆನಪಾಗುತ್ತದೆ. ಟಿಪ್ಪಣಿ ಪುಸ್ತಕ ತೆಗೆದು ಮರ್ಯಾದೆಯಿಂದ ಓದುತ್ತೇನೆ. ರೈಲು, ತಂಡ, ಪಡಸಾಲೆ, ಎಲ್ಲಕ್ಕೂ ಹೂಂ ಅನ್ನುತ್ತಾರೆ. “ಸಂಜೆಯ ಹೊತ್ತಿಗೆ ಪೆಟ್ಟಿಗೆಯ ಹಸಿರು ಬಳೆಗಳೆಲ್ಲ ಖಾಲಿಯಾದವು” ಎಂದು ಓದಿದಾಗ ತಟ್ಟನೆ ಪೆಟ್ಟಿಗೆಯ ಮೇಲೆ ಕೈ ಇಡುತ್ತಾರೆ.

“ಖಾಲಿ ಅನಬ್ಯಾಡ್ರಿ. ಹೆಚ್ಚಾದ್ವು ಅಂತ ಬರೀರಿ.”

“ಇಷ್ಟೆಲ್ಲ ಆದಮೇಲೂ?” ಎನ್ನುತ್ತೇನೆ ನಾನು.

“ಆ ಬುಕ್ಕು ಓದೋರಿಗಿ ಮಾಲೂಮ್ ಇದ್ದಿಲ್ಲ, ಅದಕ್ಕ ಒಡದು ಹೇಳ್ದೆ. ನಿಮ್ಮ ಪೇಪರ್ ನಮ್ಮ ಮಂದಿ ಓದ್ತಾರಲ್ರಿ? ಅವರಿಗಿ ತರ್ಜುಮಾ ಯಾಕ ಬೇಕು?”